ಮಾತ್ರೆ ಆವಲಪ್ಪ

ವರ್ತೂರು ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಏರಿಯ ಮೇಲೆ ಸೈಕಲ್ಲೊಂದು ಬರುತ್ತಿದೆ. ಸವಾರ ಕಾಣುವುದಿಲ್ಲ, ಚೈನಿನ ಕಿರಕಿರ ಮಾತ್ರ ಕೇಳಿಸುತ್ತದೆ. ಹತ್ತಿರವಾದಂತೆ ಖಾಕಿ ಅಂಗಿ, ತಲೆಗೆ ಸುತ್ತಿದ ಟವೆಲ್, ಹೆಗಲ ಚೀಲ ಒಂದೊಂದಾಗಿ ಮಂಜಿನಿಂದ ಮೂಡುತ್ತವೆ. ಮೊದಲ ಮನೆಯ ಮುಂದೆ ಇಳಿದು ಆವಲಪ್ಪ ಕೂಗುತ್ತಾರೆ: "ಜ್ವರ ಯಾರಿಗವ್ವಾ?" ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದಾಗುತ್ತದೆ.

"ನೋಡುದ್ರಾ ಸಾರ್, ನಮ್ಗೆ ಸಿಕ್ಕೋ ಮರ್ಯಾದೆ!" ಎಂದು, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ ನಗುತ್ತಾರೆ.

ವೈಟ್‌ಫೀಲ್ಡ್ ಸ್ಟೇಷನ್ನಿನಿಂದ ಈ ಕೆರೆಯ ಕೋಡಿಯವರೆಗೆ ಮಾತ್ರೆ ಆವಲಪ್ಪನವರನ್ನು ಅರಿಯದವರಿಲ್ಲ. ಮಲೇರಿಯಾ ಇಲಾಖೆಯ ಕೆಳದರ್ಜೆಯ ನೌಕರ. ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ತುಂಡಿನ ಮೇಲೆ ಹನಿ ರಕ್ತ ತೆಗೆದು, ಮಾತ್ರೆ ಕೊಡುವುದು ಕೆಲಸ. ಕೊಟ್ಟು ಹೋಗುವ ಆಸಾಮಿಯಲ್ಲ, ಎದುರಿಗೇ ನುಂಗಿಸುತ್ತಾರೆ. ನುಂಗಿದ ಮೇಲೂ ಬಿಡುವುದಿಲ್ಲ. "ಎಲ್ಲಿ, ನಾಲ್ಗೆ ಎತ್ತು" ಅನ್ನುತ್ತಾರೆ.

ತೊಲಗಿಯೇ ಹೋಯಿತು ಎಂದುಕೊಂಡಿದ್ದ ಮಲೇರಿಯಾ ಮೂರು ವರ್ಷದಿಂದ ಮತ್ತೆ ವಕ್ಕರಿಸಿದೆ. ಈ ಎಪ್ಪತ್ತೇಳರ ಮಳೆಗಾಲದಲ್ಲಂತೂ ಮನೆಗೊಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದಾರೆ. ಆದರೂ ಬಾಗಿಲು ತೆರೆಯುವುದಿಲ್ಲ. ಕಳೆದ ವರ್ಷ ಸಂತಾನಹರಣ ಆಪರೇಷನ್ನಿಗೆ ಹಿಡಿದೊಯ್ಯುವ ಜೀಪು ಊರಿಗೆ ನುಗ್ಗಿದಾಗ ಗಂಡಸರೆಲ್ಲ ನೀಲಗಿರಿ ತೋಪಿನಲ್ಲಿ ಅಡಗಿ ಕುಳಿತಿದ್ದರು. ಆ ಭಯ ಇನ್ನೂ ಇಳಿದಿಲ್ಲ. ಈಗ ಖಾಕಿ ಅಂಗಿ ಕಂಡರೆ ಸಾಕು, ಮಾತ್ರೆ ನುಂಗಿದರೆ ಮಕ್ಕಳಾಗುವುದಿಲ್ಲವಂತೆ ಎಂಬ ಮಾತು ಹಿತ್ತಲಿಂದ ಹಿತ್ತಲಿಗೆ ಹಾರುತ್ತದೆ.

ಆವಲಪ್ಪ ಮಾತ್ರ ಯಾರನ್ನೂ ಬೈಯುವುದಿಲ್ಲ. ನನಗೇ ರೇಗಿಹೋಗಿ, "ಎಂಥ ಜನ ರೀ ಇವರು!" ಎಂದರೆ ಸೈಕಲ್ ತಳ್ಳುತ್ತಲೇ ಅವರು ಹೇಳಿದ್ದು ಇಷ್ಟು: "ನಾನೂ ನಂಬಿದ್ನಲ್ಲ ಸಾರ್."

ರಾಮಕ್ಕನನ್ನು ಮದುವೆಯಾದ ಹೊಸತರಲ್ಲೇ ಅವರು ಪಟಾಲಂ ಸೇರಿದ್ದರು. ಎರಡನೇ ಮಹಾಯುದ್ಧದ ಕಾಲ. ಬಂದೂಕು ಹಿಡಿದು ಮೆರೆದವರಲ್ಲ. ಅಸ್ಸಾಮಿನ ಗಡಿಯ ಕಾಡಿನಲ್ಲಿ ಹೇಸರಗತ್ತೆಗಳ ಮೇಲೆ ಅಕ್ಕಿಮೂಟೆ ಹೇರಿಕೊಂಡು ಬೆಟ್ಟ ಹತ್ತುವ ಕೆಲಸ. ಅಲ್ಲಿ ಸೊಳ್ಳೆಗೆ ಸತ್ತವರೂ ಬಹಳ. ಅದಕ್ಕೇ ದಿನಾ ಒಂದು ಹಳದಿ ಮಾತ್ರೆ ನುಂಗಬೇಕೆಂದು ಆರ್ಡರ್. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಅದು ಗಂಡಸುತನ ತೆಗೆಯುವ ಮಾತ್ರೆ ಎಂದು ಸುದ್ದಿ ಹಬ್ಬಿಸಿದರು.

"ಒಸಾ ಮದ್ವೆ ಗಂಡು ನಾನು. ಎದೆ ಝಲ್ ಅಂತು. ಆವಲ್ದಾರ್ ಮುಂದೆ ಬಾಯಿಗಾಕ್ಕೊಂಡು, ನಾಲ್ಗೆ ಕೆಳ್ಗೆ ಇಟ್ಕೊಂಡು, ಡೇರೆ ಹಿಂದಕ್ಕೋಗಿ ಉಗುದ್ಬುಡ್ತಿದ್ದೆ. ಒಂದಿನ ಡೇರೆ ಕಿತ್ರು ನೋಡಿ, ಹಿಂದ್ಗಡೆ ಮಣ್ಣೆಲ್ಲ ಅರಿಶಿನ!"

ಬೆನ್ನಿಗೆ ಮೂಟೆ ಕಟ್ಟಿ ಬಿಸಿಲಲ್ಲಿ ಓಡಿಸುವ ಶಿಕ್ಷೆಯಾಯಿತು. ಶಿಕ್ಷೆ ಮುಗಿಯುವ ಮೊದಲೇ ಜ್ವರ ಹಿಡಿಯಿತು. ಆ ಜ್ವರದ ಮಾತು ಬಂದರೆ ಅವರ ದನಿ ಇಳಿಯುತ್ತದೆ, ಕಣ್ಣು ಎಲ್ಲೋ ಹೋಗುತ್ತದೆ.

"ಈ ಕೆರೆ ಸದ್ದಿಲ್ದೆ ಆಸ್ಪತ್ರೆ ಡೇರೆ ಒಳೀಕೇ ಬಂತು ಸಾರ್, ತಣ್ಣಗೆ. ಮಂಚಗಳೆಲ್ಲ ತೇಲ್ತಾ ಅವೆ. ನಮ್ಮೆಮ್ಮೆಗಳು ಮಂಚದ ಮಧ್ಯ ಈಜ್ಕೊಂಡು ಓಯ್ತಾ ಅವೆ. ಆಚೆ ದಡದಾಗೆ ನಮ್ಮ ರಾಮಕ್ಕ ನಿಂತ್ಕಂಡು ಕೈ ಬೀಸ್ತಾವ್ಳೆ. ಬಾ ಅಂತಾವ್ಳೋ, ಬರ್ಬ್ಯಾಡ ಅಂತಾವ್ಳೋ ಗೊತ್ತಾಗ್ತಿಲ್ಲ. ಎಷ್ಟು ಚೆಂದಾಗಿತ್ತು ಅಂದ್ರೆ, ಎಚ್ಚರ ಆದಾಗ ಅತ್ಬುಟ್ಟೆ."

ಪಕ್ಕದ ಮಂಚದವನೂ ಮಾತ್ರೆ ಉಗುಳಿದವನೇ. ಅವನು ಏಳಲಿಲ್ಲ. ಅಂದಿನಿಂದ ಆವಲಪ್ಪ ಮೈಯೆಲ್ಲ ಹಳದಿಯಾಗುವಷ್ಟು ತಿಂಗಳು ಮಾತ್ರೆ ನುಂಗಿದರು. ಆಮೇಲೆ ರಜೆ ಸಿಕ್ಕಿ ಊರಿಗೆ ಬಂದರು. ರಜೆ ಮುಗಿದರೂ ಹೊರಡಲು ಮನಸ್ಸಾಗದೆ ಹೆಂಡತಿಯ ಜೊತೆ ಉಳಿದುಬಿಟ್ಟರು. ಮಿಲಿಟರಿ ಪೊಲೀಸರು ಬಂದು ಎಳೆದುಕೊಂಡು ಹೋಗಿ ಕೂಡಿಹಾಕಿದರು. "ಅದೊಂದು ತಪ್ಪು ಮಾತ್ರ ಮಾಡಿದ್ದುಕ್ಕೆ ನಂಗೆ ಬೇಜಾರಿಲ್ಲ," ಎಂದು ಮೀಸೆಯಡಿ ನಗುತ್ತಾರೆ. ಯುದ್ಧ ಮುಗಿದ ಮೇಲೆ ಬಂದವರು ಮತ್ತೆ ಈ ಕೆರೆ ಬಿಟ್ಟು ಹೋಗಿಲ್ಲ.

ಅವರ ಮನೆಯಿಂದ ಎರಡು ಬೀದಿ ಆಚೆ ಭದ್ರಮ್ಮನ ಮನೆ. ಸೊಸೆ ಅನುಸೂಯ ನಾಲ್ಕು ತಿಂಗಳ ಬಸುರಿ, ದಿನ ಬಿಟ್ಟು ದಿನ ಚಳಿಜ್ವರ. ಬಸುರಿಗೆ ಈ ಜ್ವರ ಬಂದರೆ ಮಗು ಉಳಿಯುವುದು ಕಷ್ಟ, ಈ ಬಿಳಿ ಮಾತ್ರೆಯಿಂದ ಬಸುರಿಗೇನೂ ಆಗುವುದಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಆವಲಪ್ಪ ಮೂರು ದಿನದಿಂದ ಆ ಬಾಗಿಲಿಗೆ ಎಡತಾಕುತ್ತಿದ್ದಾರೆ. ನಾನು ಜೊತೆಗಿದ್ದ ದಿನ ಭದ್ರಮ್ಮ ಕೊನೆಗೂ ಬಾಗಿಲು ತೆರೆದರು, ಬೈಯುವುದಕ್ಕೆ.

"ಆವಲಪ್ಪಣ್ಣ, ಮಿಲಿಟರಿನಾಗೆ ನೀನು ನುಂಗಿದ್ಯಲ್ಲ, ಏನಾಯ್ತು? ನಿನ್ಮನೇಲಿ ತೊಟ್ಟಿಲು ಕಟ್ಟುದ್ರಾ? ನನ್ ಸೊಸೆ ಒಟ್ಟೆಗೂ ಮಣ್ಣಾಕ್ಬೇಕಾ?"

ಒಳಗೆ ಕಂಬಳಿ ಹೊದ್ದ ಹುಡುಗಿಯ ಹಲ್ಲು ಕಟಕಟಿಸುವುದು ನನಗೆ ಕೇಳಿಸುತ್ತಿತ್ತು. ಆವಲಪ್ಪ ಮಾತ್ರೆಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡರು. ಅವರ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಮುದ್ದೆ, ಹುರುಳಿ ಸಾರು. ಅವರು ಮುದ್ದೆ ಮುರಿಯದೆ ಕುಳಿತಿದ್ದರು. ಭದ್ರಮ್ಮನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಏನೋ ಸಮಾಧಾನ ಹೇಳಿದೆ.

"ಅವ್ಳು ಸುಳ್ಳೇಳಿಲ್ಲ ಸಾರ್. ಈ ಬಿಳಿ ಮಾತ್ರೆ ಬ್ಯಾರೆ, ಇದ್ರಿಂದ ಏನೂ ಆಗಲ್ಲ, ನಂಗ್ಗೊತ್ತು. ಆದ್ರೆ ಆ ಅಳದಿ ಮಾತ್ರೆ… ಅದ್ರಿಂದ್ಲೇ ನಾನು ರಾಮಕ್ಕುಂಗೆ ಮೋಸ ಮಾಡ್ಬುಟ್ನೇನೋ ಅಂತ ಮೂವತ್ವರ್ಷದಿಂದ ಒಳಗೊಳ್ಗೇ ಕೊರೀತದೆ. ಅವ್ಳಿಗೆ ಏಳಕ್ಕೆ ಬಾಯೇ ಬಂದಿಲ್ಲ."

ಬಾಗಿಲ ಹಿಂದೆ ಸೌಟು ಕೆಳಗಿಟ್ಟ ಸದ್ದಾಯಿತು. ರಾಮಕ್ಕ ಹೊರಗೆ ಬಂದರು. ಗಂಡನ ಮುಖವನ್ನೂ ನೋಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದರು. ತಟ್ಟೆ ಬಿಟ್ಟೆದ್ದು ನಾವಿಬ್ಬರೂ ಹಿಂದೆ ಓಡಿದೆವು.

ಭದ್ರಮ್ಮನ ಹೊಸ್ತಿಲಲ್ಲಿ ನಿಂತ ರಾಮಕ್ಕ ಒಳಗಿನ ಹುಡುಗಿಗೆ ಕೇಳಲೆಂದೇ ಜೋರಾಗಿ ಹೇಳಿದರು:

"ಕೇಳಮ್ಮ ಅನುಸೂಯ. ಇವ್ರು ಮಾತ್ರೆ ನುಂಗಿ ನುಂಗಿ ಮೈಯೆಲ್ಲ ಅಳದಿಯಾಗೇ ರಜಕ್ಕೆ ಬಂದಿದ್ರು. ಆ ರಜದಾಗೇ ನಂಗೆ ಬಸ್ರು ನಿಂತಿತ್ತು. ಇವ್ರು ತಿರ್ಗಾ ಪಟಾಲಮ್ಗೋದ್ರು, ನಾನು ತೌರುಮನೇಗೋದೆ. ಐದ್ನೇ ತಿಂಗ್ಳಲ್ಲಿ ಇದೇ ಚಳಿಜ್ವರ ಬಂತು. ಆವಾಗ ಮಾತ್ರೆ ಕೊಡೋಕೆ ಯಾರೂ ಬರ್ಲಿಲ್ಲ. ಒಂಟೋಯ್ತು. ಆಮೇಲೆ ನಿಲ್ಲಲೇ ಇಲ್ಲ. ಯುದ್ಧದಾಗವ್ನೆ, ಅವನ್ಗೆ ಏಳ್ಬ್ಯಾಡ ಕಣೇ, ಎದೆ ಒಡ್ಕಂತಾನೆ ಅಂದ್ಳು ನಮ್ಮವ್ವ. ಆವಾಗ್ಲೂ ಏಳ್ಲಿಲ್ಲ, ಆಮೇಲೂ ಏಳ್ಲಿಲ್ಲ. ಮಾತ್ರೆ ಅಲ್ಲ ಕಣಮ್ಮ, ಜ್ವರ ತಿಂದಿದ್ದು ನನ್ ಮಗೂನ."

ಗೋಡೆ ಹಿಡಿದುಕೊಂಡು ಅನುಸೂಯ ತಾನೇ ಎದ್ದು ಬಂದು ಅಂಗೈ ಚಾಚಿದಳು. ಭದ್ರಮ್ಮ ಒಳಗಿನಿಂದ ನೀರು ತಂದುಕೊಟ್ಟರು. ಹುಡುಗಿ ಒಂದೊಂದೇ ಮಾತ್ರೆ ನುಂಗಿದಳು. ಬಾಯಿ ತೆರೆದು ತೋರಿಸಿದರೆ, ಆವಲಪ್ಪನಿಗೆ ಅದರ ಕಡೆ ಗಮನವೇ ಇಲ್ಲ. ಬೀದಿಯಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದಾರೆ.

ವಾಪಸ್ ಹೊರಟೆವು. ಸೇದುವ ಬಾವಿ ದಾಟಿದ ಮೇಲೆ ಆವಲಪ್ಪ ಮೆಲ್ಲಗೆ ಕೇಳಿದರು: "ಏನು ಮಗು?"

"ಎಣ್ಣು," ಎಂದರು ರಾಮಕ್ಕ.

ಸಂಜೆ ಬಸ್ಸಿಗೆ ಬಿಡಲು ಬಂದವರನ್ನು, ಇವತ್ತಿನದನ್ನೆಲ್ಲ ಬರೆಯಬಹುದೇ ಎಂದು ಅಳುಕುತ್ತಲೇ ಕೇಳಿದೆ. ಬಸ್ಸು ಬಂದು ನಿಂತರೂ ಆವಲಪ್ಪ ಸೈಕಲ್ ಹ್ಯಾಂಡಲ್ ಹಿಡಿದು ಯೋಚಿಸುತ್ತಿದ್ದರು. ನಾನು ಹತ್ತಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದರು.

"ಮಿಲಿಟರಿ, ಜ್ವರ, ಎಲ್ಲಾ ಬಿಟ್ರೂ ಬಿಡಿ ಸಾರ್. ಆವಲಪ್ಪುಂಗೆ ಒಬ್ಳು ಮಗ್ಳಿದ್ಲು ಅಂತ ಬರೀರಿ."