ಯೋನ್‌ಶೋಪಿಂಗ್‌ನಲ್ಲಿ ಸಿಕ್ಕ ಪಿಯಾಸ್ಸಾ

೨೦೦೬ರ ನವೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ನಾವಿದ್ದ ಗೋಥೆನ್‌ಬರ್ಗ್‌ನಿಂದ ಯೋನ್‌ಶೋಪಿಂಗ್‌ಗೆ ಬಸ್ ಹತ್ತಿದೆ. ಸುಮಾರು ಎರಡು ಗಂಟೆಯ ದಾರಿ. "ಈ ಚಳೀಲಿ ಯಾರೋ ಅಜ್ಜೀನ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಫೋನಲ್ಲಿ ಮಾತಾಡಿದ್ರೆ ಸಾಲ್ದಾ?" ಎಂದಿದ್ದರು ನನ್ನ ಗಂಡ. ಸಾಲದು. ಆ ಅಜ್ಜಿ ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದ ಪಿಯಾಸ್ಸಾ ಎಂಬ ಬಡಾವಣೆಯವರು. ಅಪ್ಪ ಅಲ್ಲಿ ಗಣಿತದ ಮೇಷ್ಟ್ರಾಗಿದ್ದಾಗ ಒಂಬತ್ತು ವರ್ಷ ತುಂಬುವವರೆಗೆ ನಾನೂ ಅಲ್ಲೇ ಬೆಳೆದವಳು.

ದಾರಿಯಲ್ಲಿ ಬೊರೋಸ್ ಊರು ದಾಟಿದ ಮೇಲೆ ತೆಳುವಾಗಿ ಹಿಮ ಬಿತ್ತು. ಎರಡೂ ಬದಿ ಪೈನ್ ಕಾಡು. ನನಗೆ ಮಾತ್ರ ಆಡಿಸ್ ಅಬಾಬಾದ ಎಂಟೊಟೊ ಬೆಟ್ಟದ ನೀಲಗಿರಿ ಮರಗಳದೇ ನೆನಪು. ಸಂಜೆಯಾದರೆ ಪಿಯಾಸ್ಸಾದ ಒಲೆಗಳಲ್ಲೆಲ್ಲ ಅವುಗಳ ಸೊಪ್ಪು ಉರಿಯುತ್ತಿತ್ತು.

ನಿಲ್ದಾಣಕ್ಕೆ ನನ್ನ ಆಫೀಸಿನ ಗೆಳತಿ ಸೆಲಾಮ್ ಬಂದಿದ್ದಳು. ಅಜ್ಜಿ ಎಟೆನೆಶ್ ಅವಳ ತಾಯಿ; ವಾರಾಂತ್ಯಕ್ಕೆ ಅವಳು ತಾಯಿಯ ಮನೆಗೆ ಬಂದಿರುತ್ತಿದ್ದಳು. ಮನೆಯಲ್ಲಿ ಕಾಫಿ ಬೀಜ ಹುರಿಯುವ ಘಮ. ಊಟಕ್ಕೆ ಹುಳಿದೋಸೆಯಂಥ ಇಂಜೆರಾ, ಖಾರದ ಬೇಳೆ. ಎಟೆನೆಶ್ ಅಮ್ಹಾರಿಕ್ ಭಾಷೆಯಲ್ಲಿ ಹೇಳಿದ್ದನ್ನು ಸೆಲಾಮ್ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

"ಪಿಯಾಸ್ಸಾಗೆ ಮೊದಲು ಅರಾಡ ಅಂತ ಹೆಸರು. ಸಂತ ಜಾರ್ಜ್ ಚರ್ಚಿನ ಹತ್ತಿರ ದೊಡ್ಡ ಸಂತೆ ಸೇರುತ್ತಿತ್ತು. ಇಟಲಿಯವರು ಬಂದು ಸಂತೆಯನ್ನು ಪಶ್ಚಿಮಕ್ಕೆ ಅಟ್ಟಿದರು, ಹಳೇ ಜಾಗಕ್ಕೆ ತಮ್ಮ ಭಾಷೆಯಲ್ಲಿ ಪಿಯಾಸ್ಸಾ, ಅಂದರೆ ಚೌಕ, ಅಂದರು. ಐದು ವರ್ಷಕ್ಕೆ ಅವರು ಹೋದರು, ಹೆಸರು ಉಳೀತು."

ಅರ್ಮೇನಿಯನ್ನರ ಅಂಗಡಿಗಳು, ರೈಲು ನಿಲ್ದಾಣದವರೆಗೂ ಇಳಿಜಾರಾಗಿ ಹೋಗುವ ಚರ್ಚಿಲ್ ರಸ್ತೆ, ಒಂದೊಂದಾಗಿ ನಾನೂ ಹೇಳಿದೆ. "ಆ ರಸ್ತೆಯ ಮೂಲೆಯಲ್ಲೇ ನಮ್ಮ ಬೇಕರಿ!" ಎಂದು ಎಟೆನೆಶ್ ನನ್ನ ಕೈ ಹಿಡಿದುಕೊಂಡರು.

ಕೇಳಲೆಂದೇ ಬಂದಿದ್ದನ್ನು ಆಗ ಕೇಳಿದೆ. "ಗಡಿಯಾರ ರಿಪೇರಿಯವರ ಮಗಳು ಅಲ್ಮಾಜ್ ಗೊತ್ತಾ? ನಮ್ಮ ಪಕ್ಕದ ಮನೆ, ದಿನಾ ಜೊತೆಗೇ ಆಡುತ್ತಿದ್ದೆವು. ಅವಳಿಗೆ ಹೇಳದೇ ಬಂದುಬಿಟ್ಟೆವು."

ಅವರು ನನ್ನನ್ನೇ ದಿಟ್ಟಿಸಿದರು. "ಮೇಷ್ಟ್ರ ಮಗಳು ನೀನೇನಾ? ಬೀಗ ಹಾಕಿದ ನಿಮ್ಮ ಬಾಗಿಲಿನ ಮೆಟ್ಟಿಲ ಮೇಲೆ ಅವಳು ದಿನಾ ಬಂದು ಕೂರುತ್ತಿದ್ದಳು. ನಾನೇ ಎಬ್ಬಿಸಿ ಬ್ರೆಡ್ ಕೊಟ್ಟು ಕಳಿಸುತ್ತಿದ್ದೆ."

"ಈಗ ಎಲ್ಲಿದ್ದಾಳೆ?"

"ಎಪ್ಪತ್ತನಾಲ್ಕರಲ್ಲಿ ರಾಜನನ್ನು ಇಳಿಸಿದ ಕ್ರಾಂತಿ ಆದಮೇಲೆ ಆ ಮನೆಯವರು ಊರು ಬಿಟ್ಟರು. ಎಲ್ಲಿಗೋ ಯಾರಿಗೂ ಗೊತ್ತಿಲ್ಲ, ಮಗಳೇ."

ಸೆಲಾಮ್ ಕಾಫಿ ಬಗ್ಗಿಸಿದಳು. "ಅಲ್ಮಾಜ್‌ಗೆ ಏನಂತ ಹೇಳ್ತಿದ್ರಿ?" ಎಂದೆ.

"ಏನು ಹೇಳಲಿ? ರಜೆಗೆ ಹೋಗಿದ್ದಾರೆ, ಬರುತ್ತಾರೆ ಅಂದೆ."

ನಾಲ್ಕು ಗಂಟೆಗೆಲ್ಲ ಕತ್ತಲು ಕವಿಯಿತು. ಬಸ್ಸು ಗುಡ್ಡ ಏರುವಾಗ ಹಿಂತಿರುಗಿ ನೋಡಿದೆ. ಊರಿನ ದೀಪಗಳಾಚೆ ವೆಟ್ಟರ್ನ್ ಸರೋವರ ಕಪ್ಪಗೆ ಮಲಗಿತ್ತು. ಆಡಿಸ್ ಅಬಾಬಾದಲ್ಲಿ ವಿಮಾನ ಹತ್ತಿಸುವಾಗ ಅಪ್ಪ ನನಗೂ ಅದನ್ನೇ ಹೇಳಿದ್ದರು, ರಜೆ ಮುಗಿಸಿ ಬರೋಣ ಎಂದು.