ಎರಡು ಸಲ ಬಂದ ಆಮೆ

ಡಾಕ್ಟ್ರಮ್ಮನ ಬಲಗೈಯ ಉಂಗುರದ ಬೆರಳು ಉಗುರು ಬರುವ ಮೊದಲೇ ಮುಗಿದುಹೋಗಿತ್ತು. ಮುದ್ದೆ ಮುರಿದು ಸಾರಿಗೆ ಅದ್ದುವಾಗ ಉಳಿದ ಬೆರಳುಗಳು ಕೆಲಸ ಮಾಡುತ್ತಿದ್ದವು, ಆ ಮೋಟು ಬೆರಳು ಮಾತ್ರ ಪಕ್ಕಕ್ಕೆ ನಿಂತು ನೋಡುತ್ತಿತ್ತು. ಅವರು ಬಾಡಿಗೆಗೆ ಮನೆ ಕೇಳಲು ಬಂದ ದಿನವೇ ನಮ್ಮತ್ತೆ ಅದನ್ನು ಕಂಡರು. ಕಂಡ ಮೇಲೆ ಕೇಳದೆ ಇರುವ ಜೀವ ಅಲ್ಲ ಅದು.

“ಬೆರಳಿಗೇನಾತು ತಾಯಿ?”

“ಆಮೆ ಕಡೀತು.”

“ಅಯ್ಯೋ, ಆಮೆನೂ ಕಡಿತೈತಾ! ಹಾಳಾದ್ದು!”

“ಅದಕ್ಯಾಕೆ ಬೈತೀರಮ್ಮ? ಅದಕ್ಕೆ ನೋವಾಗಿತ್ತು. ಬಾಯಾಗೆ ಬೆರಳಿಟ್ಟೋಳು ನಾನು. ತಪ್ಪು ನಂದೇ.”

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಮಾರನೆಯ ವಾರ ಅವರು ನಮ್ಮ ಮಹಡಿಯ ಮನೆಗೆ ಬಂದರು. ಒಂದು ಮಂಚ, ಎರಡು ಟ್ರಂಕು. ಒಂದು ಟ್ರಂಕಿನಲ್ಲಿ ಸೀರೆ, ಇನ್ನೊಂದರ ತುಂಬ ನೋಟ್ ಪುಸ್ತಕ.

ಅವರು ದನದ ಡಾಕ್ಟರಾಗಿ ಓದಿದವರು. ಹುಟ್ಟಿದ್ದು ಇಲ್ಲೇ ಮದಕರಿಪುರದಲ್ಲಿ. ಆದರೆ ಕೆಲಸ ಮಾಡಿದ್ದೆಲ್ಲ ಕರಾವಳಿಯಲ್ಲಿ. ಬಲೆಗೆ ಸಿಕ್ಕಿ ಗಾಯವಾದ ಕಡಲಾಮೆಗಳನ್ನು ತಂದು, ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ವಾಸಿ ಮಾಡಿ, ಮತ್ತೆ ಸಮುದ್ರಕ್ಕೆ ಬಿಡುವ ಒಂದು ಸಣ್ಣ ಆರೈಕೆ ಕೇಂದ್ರ ಅದು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಹುಟ್ಟಿದ ಸೀಮೆಯ ಗಾಳಿ ಬೇಕೆನಿಸಿ ಚಿತ್ರದುರ್ಗಕ್ಕೆ ಬಂದರು. ನಮ್ಮ ಬೀದಿಗೆಲ್ಲ ಅವರು ‘ಆಮೆ ಡಾಕ್ಟ್ರಮ್ಮ’. ಅತ್ತೆಯಂತೂ ಎದುರಿಗೇ ಹೇಳುತ್ತಿದ್ದರು, “ನಲ್ಲೀಲಿ ನೀರು ಬರದೇ ಕಷ್ಟ ಇರೋ ಊರಿಗೆ ಸಮುದ್ರದ ಡಾಕ್ಟ್ರು ಬಂದವ್ರೆ! ಅಷ್ಟು ವರ್ಷ ಕುರಿ ಸಾಕಿದ್ರೆ ಉಣ್ಣೆನಾರ ಬರ್ತಿತ್ತು.” ಡಾಕ್ಟ್ರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ನಗು ಕೆಳಗಿನ ಅಡುಗೆಮನೆಗೂ ಕೇಳುತ್ತಿತ್ತು.

ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಬಸವಣ್ಣನ ಮುಂದೆ ನೆಲದಲ್ಲೊಂದು ಕಲ್ಲಿನ ಆಮೆ ಇದೆ. ಎಲ್ಲರೂ ತುಳಿದೇ ಹೋಗುತ್ತಾರೆ. ಅವರು ಮಾತ್ರ ಸೀರೆ ನೆರಿಗೆ ಎತ್ತಿ ಸುತ್ತಿಕೊಂಡು ಹೋಗುತ್ತಿದ್ದರು. “ತುಳಿದೂ ತುಳಿದೂ ಇದರ ಮುಖಾನೇ ಸವೆದೋಗೈತೆ ನೋಡಮ್ಮ” ಎಂದು ಒಂದು ಸಲ ಬಗ್ಗಿ, ಆ ಮೋಟು ಬೆರಳಿನಿಂದ ಕಲ್ಲನ್ನು ಸವರಿದ್ದರು.

ಬಂದ ಎರಡನೆಯ ವರ್ಷ ಅವರ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಮಸುಕು, ಅಂಚಿನಲ್ಲಿ ಮಾತ್ರ ಕಾಣುವುದು. ಕತ್ತು ವಾರೆ ಮಾಡಿ, ಕೋಳಿ ನೋಡಿದ ಹಾಗೆ ಮನುಷ್ಯರನ್ನು ನೋಡುತ್ತಿದ್ದರು. ಅಕ್ಷರ ಓದಲು ಆಗುತ್ತಿರಲಿಲ್ಲ. ಅವರ ದುಃಖ ಕಣ್ಣಿನದಲ್ಲ. ಒಂದು ಸಂಶೋಧನಾ ಪ್ರಬಂಧ ಬರೆದು ಅಚ್ಚು ಮಾಡಿಸಬೇಕೆಂದು ಅಷ್ಟು ವರ್ಷದಿಂದ ಆ ನೋಟ್ ಪುಸ್ತಕಗಳನ್ನು ಹೊತ್ತು ತಂದಿದ್ದರು. ಗಾಯವಾದ ಆಮೆಯನ್ನು ಎಷ್ಟು ದಿನ ತೊಟ್ಟಿಯಲ್ಲಿಡಬೇಕು, ಯಾವಾಗ ಸಮುದ್ರಕ್ಕೆ ಬಿಡಬೇಕು ಎಂಬುದರ ಮೇಲೆ. ಅವರು ಕಂಡುಕೊಂಡಿದ್ದು ಇಷ್ಟು: ಈಜುವ ರೆಕ್ಕೆಯಂಥ ಕಾಲಿನ ಗಾಯ ಮುಚ್ಚಿ, ಆಮೆ ತಾನಾಗಿ ಮೀನು ತಿನ್ನಲು ಶುರು ಮಾಡಿದರೆ ಸಾಕು, ಬಿಟ್ಟುಬಿಡಿ, ತೊಟ್ಟಿಯಲ್ಲಿ ಕೊಳೆಹಾಕಬೇಡಿ.

“ಇದನ್ನ ಓದಿ ನಾಳೆ ಎಲ್ಲೋ ಒಬ್ಬ ಹುಡುಗಿ, ನನ್ನಂಗೆ ಹೊಸದಾಗಿ ಕೆಲಸಕ್ಕೆ ಬಂದೋಳು, ಆಮೆ ಬಿಡಲೋ ಬೇಡವೋ ಅಂತ ನಿಂತಿರ್ತಾಳೆ ನೋಡು, ಅವಳಿಗೆ ದಾರಿ ಗೊತ್ತಾಗ್ತೈತೆ. ಅಷ್ಟೇ ನನ್ನಾಸೆ” ಎಂದರು.

ಹಾಗೆ ನಾನು ಅವರ ಕಣ್ಣಾದೆ. ಪಿಯುಸಿವರೆಗೆ ಓದಿದ್ದೆ, ಪುಸ್ತಕಗಳೂ ಕನ್ನಡದಲ್ಲೇ ಇದ್ದವು. ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆ ಅಡ್ಡಾದ ಮೇಲೆ ಮೆಟ್ಟಿಲು ಹತ್ತುತ್ತಿದ್ದೆ. ಮಡಿಲಲ್ಲಿ ಅವರೆಕಾಯಿಯೋ ಸೊಪ್ಪೋ ಇರುತ್ತಿತ್ತು, ಕೈ ಅದನ್ನು ಬಿಡಿಸುತ್ತಿತ್ತು, ಬಾಯಿ ಓದುತ್ತಿತ್ತು. ಒಂದು ಆಮೆಗೆ ಒಂದು ಪುಟ. ಮೊದಲು ಆಮೆಯ ಎಡಮುಖದ ಚಿತ್ರ, ಪೆನ್ಸಿಲಿನಲ್ಲಿ ಬರೆದದ್ದು. ಆಮೇಲೆ ತೂಕ, ಗಾಯ, ಕೊಟ್ಟ ಔಷಧ, ತಿಂದ ಮೀನು. ಕೊನೆಗೆ ‘ಬಿಟ್ಟೆವು’ ಅಥವಾ ‘ಸತ್ತಿತು’. ಅವರು ಕೇಳಿಸಿಕೊಂಡು ವಿಷಯ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರ ಕೈಕೆಳಗೆ ಪಳಗಿದ ಒಬ್ಬಳು ಡಾಕ್ಟರು ಈಗಲೂ ಆ ಕೇಂದ್ರದಲ್ಲಿದ್ದಾಳೆ. ಆಕೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿನಲ್ಲಿ ಹಾಕುತ್ತಿದ್ದಳು.

ಸತ್ತ ಆಮೆಯ ಪುಟ ಬಂದಾಗ ನಾನು ಸದ್ದಿಲ್ಲದೆ ಹಾಳೆ ಮಗುಚುತ್ತಿದ್ದೆ. ಅದು ಅವರಿಗೆ ತಿಳಿಯುತ್ತಿತ್ತು. “ಲೇ, ಯಾವುದೋ ದಾಟಿಸ್ದೆ ನೀನು. ಹಿಂದಕ್ಕೆ ಹೋಗು” ಎನ್ನುತ್ತಿದ್ದರು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿದ ಮೇಲೆ, ದೇವರು ಆ ದಿನ ಕೊಟ್ಟ ಒಂದು ಸಣ್ಣ ಉಪಕಾರವನ್ನು ಒಂದು ಸಾಲು ಬರೆದಿಡುತ್ತೇನೆ. ಅತ್ತೆಗೆ ಮಂಡಿನೋವು ಕಡಿಮೆ ಇತ್ತು. ಸಂತೆಯಲ್ಲಿ ಎಳೆ ಹೀರೆಕಾಯಿ ಸಿಕ್ಕಿತು. ತೊಳೆದು ಹರಡಿದ ರಾಗಿ ಒಣಗುವ ತನಕ ಮೋಡ ತಡೆದುಕೊಂಡಿತು. ಇಂಥವು. ಒಂದು ದಿನ ಡಾಕ್ಟ್ರಮ್ಮ ಅದನ್ನು ಓದಿಸಿಕೊಂಡು ಕೇಳಿದರು.

“ಎಲ್ಲಾ ಒಳ್ಳೇದೇ ಐತಲ್ಲಮ್ಮ. ಕೆಟ್ಟಿದ್ದು ಎಲ್ಲಿ?”

“ಕೆಟ್ಟಿದ್ದನ್ನ ದೇವ್ರಿಗೆ ಯಾಕೆ ಹೇಳಾದು, ಡಾಕ್ಟ್ರಮ್ಮ?”

“ಅವನಿಗೆ ಗೊತ್ತಿರ್ತೈತೆ ಬಿಡು. ನಿನಗೆ ಮರೆತೋಗ್ತೈತೆ.”

ಆಗ ಆ ಮಾತು ನನಗೆ ಅಷ್ಟಾಗಿ ತಟ್ಟಲಿಲ್ಲ.

ಪ್ರಬಂಧ ಮುಗಿಯಿತು. ಸಂಶೋಧನಾ ಪತ್ರಿಕೆಯವರು ಒಪ್ಪಿಕೊಂಡೂ ಆಯಿತು. ಆ ಸುದ್ದಿ ಬಂದ ದಿನ ನಾನು ಈಶ್ವರನಿಗೆ ಹಣ್ಣುಕಾಯಿ ಮಾಡಿಸಿದೆ. ಅಚ್ಚಿಗೆ ಹೋಗುವ ಮುಂಚೆ ಕೆಲವು ಮುಖದ ಚಿತ್ರಗಳ ಫೋಟೋ ಬೇಕೆಂದು ಆ ಡಾಕ್ಟರ್ ಹುಡುಗಿ ಕೇಳಿದ್ದಳು. ನಾನು ಪುಸ್ತಕಗಳನ್ನು ನೆಲಕ್ಕೆ ಹರಡಿ, ಮೊಬೈಲಿನಲ್ಲಿ ಒಂದೊಂದೇ ತೆಗೆಯುತ್ತಾ ಹೋದೆ. ಒಂದು ಚಿತ್ರ ತೆಗೆದ ಮೇಲೆ ಕೈ ನಿಂತಿತು. ಈ ಮುಖ ಈಗ ತಾನೇ ನೋಡಿದೆನಲ್ಲ ಅನ್ನಿಸಿತು.

ನಾನು ಮಾಡದಕೆರೆ ಕಡೆಯ ಕುರಿಗಾರರ ಮಗಳು. ಎಲ್ಲರೂ ಕುರಿಯ ಕಿವಿ ಕೊಯ್ದು ಗುರುತು ಮಾಡುತ್ತಾರೆ. ನಮ್ಮಪ್ಪನೂ ಮಾಡುತ್ತಿದ್ದ, ಆದರೆ ನಂಬುತ್ತಿರಲಿಲ್ಲ. “ಕಿವಿ ಬೇಲಿಗೆ ಸಿಕ್ಕಿ ಹರಿತೈತೆ, ಕಳ್ಳನೂ ಕೊಯ್ತಾನೆ. ಮುಖ ಎಲ್ಲಿಗೋಗ್ತೈತೆ?” ಎನ್ನುತ್ತಿದ್ದ. ಸಂಜೆ ಹಟ್ಟಿಗೆ ನುಗ್ಗುವ ಮಂದೆಯಲ್ಲಿ ಒಂದೊಂದರ ಮುಖ ತೋರಿಸಿ ಇದು ಯಾರ ಮರಿ ಎಂದು ನನ್ನನ್ನು ಕೇಳುತ್ತಿದ್ದ. ತಪ್ಪು ಹೇಳಿದರೆ ತಲೆಗೊಂದು ಮೊಟಕು.

ಆಗಲೇ ಮುಗಿಸಿದ್ದ ಹಳೆಯ ಪುಸ್ತಕವನ್ನು ಮತ್ತೆ ತೆರೆದು ಇದರ ಪಕ್ಕಕ್ಕಿಟ್ಟೆ. ಆಮೆಯ ಕಣ್ಣಿನ ಹಿಂದೆ ಜೇನುಗೂಡಿನಂತೆ ಚಕ್ಕೆಗಳಿರುತ್ತವೆ. ಎರಡೂ ಚಿತ್ರದಲ್ಲಿ ಮೂರನೆಯ ಚಕ್ಕೆ ನಡುವೆ ಸೀಳಿ ಎರಡಾಗಿತ್ತು. ಅದರ ಕೆಳಗೆ ಭತ್ತದ ಕಾಳಿನಂಥ ಒಂದು ಪುಟ್ಟ ಚಕ್ಕೆ.

“ಡಾಕ್ಟ್ರಮ್ಮ, ಇವೆರಡೂ ಒಂದೇ ಆಮೆ ಕಣ್ರಿ.”

“ಲೇ, ಕುರಿ ಅಲ್ಲ ಅದು!” ಎಂದು ನಕ್ಕರು. “ಒಂದು ಬಿಟ್ಟಿದ್ದು, ಇನ್ನೊಂದು ಸತ್ತಿದ್ದು. ನಡುವೆ ಎರಡು ವರ್ಷ ಐತೆ. ಬಿಡೋ ಆಮೆಗೆಲ್ಲ ನಂಬರಿನ ಬಿಲ್ಲೆ ಹಾಕಿ ಬಿಡ್ತಿದ್ವಿ. ಎರಡನೇದಕ್ಕೆ ಬಿಲ್ಲೆ ಇತ್ತೇನು, ನೋಡು.”

ಬಿಲ್ಲೆ ಇರಲಿಲ್ಲ. ಆದರೆ ಪುಟದ ಕೆಳಗೆ ಅವರದೇ ಅಕ್ಷರದಲ್ಲಿ, ‘ಬಲಗಡೆಯ ಮುಂದಿನ ರೆಕ್ಕೆಯ ಅಂಚು ಹರಿದಿದೆ, ಹಳೆಯ ಗಾಯ’ ಎಂದಿತ್ತು. ಬಿಲ್ಲೆ ಹಾಕುತ್ತಿದ್ದುದು ಎಲ್ಲಿಗೆಂದು ಕೇಳಿದೆ. “ಬಲಗಡೆ ಮುಂದಿನ ರೆಕ್ಕೆ ಅಂಚಿಗೆ” ಎಂದರು. ಮಂಚದಿಂದ ಇಳಿದು ನೆಲದ ಮೇಲೆ ಕುಳಿತರು. ಎರಡೂ ಪುಸ್ತಕ ಎತ್ತಿ ಕಣ್ಣಿನ ಅಂಚಿಗೆ ಹಿಡಿದು, ಕತ್ತು ವಾರೆ ಮಾಡಿ, ಬಹಳ ಹೊತ್ತು ನೋಡಿದರು.

“ಎರಡನೇ ಸಲ ಏನಾಗಿ ಸತ್ತಿದ್ದು, ಓದು.”

ಓದಿದೆ. ಬಡಕಲಾಗಿ, ಒಂದು ಕಡೆಗೆ ವಾಲಿ ತೇಲುತ್ತಿತ್ತು. ಸತ್ತ ಮೇಲೆ ಕೊಯ್ದು ನೋಡಿದಾಗ ಎಡಭುಜದ ಕೀಲಿನೊಳಗೆ ಗಟ್ಟಿಯಾದ ಕೀವು. ಮೊದಲನೆಯ ಪುಟದಲ್ಲಿ ವಾಸಿಯಾಯಿತೆಂದು ಬರೆದ ಗಾಯವೂ ಎಡಭುಜದ್ದೇ.

“ಮೇಲೆ ಮುಚ್ಚಿತ್ತು, ಒಳಗೆ ಇತ್ತು” ಎಂದರು. “ನಾನು ಬಿಲ್ಲೆ ನೋಡಿದೆ. ಮುಖ ಬರೆದೂ ಬರೆದೂ, ಮುಖ ನೋಡ್ಲಿಲ್ಲ.”

ಅಂದರೆ ಬೇಗ ಬಿಟ್ಟರೆ ಬದುಕುತ್ತದೆ ಎಂದು ಅವರು ಬರೆದ ಪ್ರಬಂಧದಲ್ಲಿ ಬದುಕಿತೆಂದು ತೋರಿಸಿದ ಆಮೆಯೇ ಸತ್ತಿತ್ತು. ಬಿಟ್ಟ ಆಮೆ ಮತ್ತೆ ಕೇಂದ್ರಕ್ಕೆ ಬರದಿದ್ದರೆ ಬದುಕಿತೆಂದೇ ಅವರ ಲೆಕ್ಕವಾಗಿತ್ತು, ಹೆಚ್ಚಿನವು ಮರಳಿ ಬಂದಿರಲಿಲ್ಲ ನಿಜ. ಆದರೆ ಬದುಕಿದ್ದಕ್ಕೆ ಬರಲಿಲ್ಲವೋ, ನಡುನೀರಿನಲ್ಲಿ ಸತ್ತಿದ್ದಕ್ಕೆ ಬರಲಿಲ್ಲವೋ, ಯಾರಿಗೆ ಗೊತ್ತು?

ಫೋನಿನಲ್ಲಿ ಆ ಹುಡುಗಿ ಅಳುವ ಹಾಗಾದಳು. “ಮೇಡಂ, ಒಂದೇ ಒಂದು ಪುಟ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈಗ ಪ್ರಬಂಧ ವಾಪಸ್ ತೆಗೆದುಕೊಂಡರೆ ಮತ್ತೆ ಮೊದಲಿನಿಂದ ಶುರು. ನಿಮ್ಮ ಕಣ್ಣು…”

“ನನ್ನ ಕಣ್ಣು ಹೋಗ್ತೈತೆ, ಹೋಗ್ಲಿ. ನೀನು ಇದನ್ನ ಓದಿ ನಾಳೆ ಒಂದು ಆಮೆ ಬಿಡ್ತೀಯ. ಅದರ ಕೀಲಿನಾಗೆ ಕೀವಿದ್ರೆ? ವಾಪಸ್ ತಗೋ.”

ಮೂರು ದಿನ ಅವರು ಬಾಗಿಲು ತೆರೆಯಲಿಲ್ಲ. ಇಟ್ಟ ಊಟದ ಡಬ್ಬಿ ಹಾಗೆಯೇ ಇರುತ್ತಿತ್ತು. ನಾನು ಗುಡಿಗೆ ಹೋಗಿ, ಬಾಯಿ ಮುಚ್ಚಿಕೊಂಡಿರುವ ಬುದ್ಧಿ ನನಗೇಕೆ ಕೊಡಲಿಲ್ಲಪ್ಪ ಎಂದು ಕೇಳಿದೆ. ಮುದುಕಿಯ ಒಂದೇ ಒಂದು ಆಸೆಯನ್ನು ನಾನೇ ಕೈಯಾರೆ ಮುರಿದೆ ಅನ್ನಿಸಿ, ದೀಪ ಹಚ್ಚಿದ ಮೇಲೆ ಬರೆಯಲು ಒಂದು ಉಪಕಾರವೂ ಹೊಳೆಯಲಿಲ್ಲ.

ನಾಲ್ಕನೆಯ ದಿನ ಅತ್ತೆ ತಮ್ಮ ಮಂಡಿ ಹಿಡಿದುಕೊಂಡು ತಾವೇ ಮೆಟ್ಟಿಲು ಹತ್ತಿದರು. “ಏನವ್ವಾ, ಆಮೆ ಜೊತೆ ಇದ್ದೂ ಇದ್ದೂ ನೀನೂ ಚಿಪ್ಪಿನಾಗೆ ಸೇರ್ಕಂಡ್ಯಾ? ಬಾ, ಮುದ್ದೆ ಆರ್ತೈತೆ” ಎಂದು ಕೂಗಿದರು. ಒಳಗಿನಿಂದ ಆ ನಗು ಕೇಳಿಸಿತು. ನಾನು ಕೆಳಗೆ ಸೌಟು ಹಿಡಿದು ನಿಂತವಳು ಕಣ್ಣೊರೆಸಿಕೊಂಡೆ.

ಉಂಡು ಕೈ ತೊಳೆದ ಮೇಲೆ ಡಾಕ್ಟ್ರಮ್ಮ ನನ್ನ ಕಡೆ ತಿರುಗಿ, “ಪುಸ್ತಕ ಎಲ್ಲಾ ಕೆಳಗೆ ತರಾಣ. ನಿಮ್ಮ ಹಾಲ್ ದೊಡ್ಡದೈತೆ. ಒಂದೊಂದೂ ಮುಖ ನೋಡಾಣ, ಮೊದಲಿಂದ” ಎಂದರು.

ಮಳೆಗಾಲವೆಲ್ಲ ಅದೇ ಆಯಿತು. ನಾನು ಮುಖ ಹೋಲಿಸುತ್ತಿದ್ದೆ, ಅವರು ಗಾಯ ಹೋಲಿಸುತ್ತಿದ್ದರು, ಅತ್ತೆ ಹಾಳೆ ಹಾರದಂತೆ ಗುಂಡುಕಲ್ಲು ಇಡುತ್ತಿದ್ದರು. ಎರಡು ಸಲ ಬಂದ ಆಮೆ ಇನ್ನೊಂದು ಸಿಗಲಿಲ್ಲ. ಡಾಕ್ಟ್ರಮ್ಮ ಹೊಸ ಪ್ರಬಂಧವನ್ನು ಆ ಒಂದೇ ಆಮೆಯ ಮೇಲೆ ಹೇಳಿ ಬರೆಸಿದರು. ಮೊದಲ ಸಾಲೇ, ‘ನಾನು ಒಂದು ತಪ್ಪು ಮಾಡಿದೆ’. ಮುಖ ನೋಡಿ, ಬಿಲ್ಲೆ ನಂಬಬೇಡಿ. ಗಾಯ ಮುಚ್ಚಿದರೂ ಕೀಲು ಒತ್ತಿ ನೋಡಿ, ಗಟ್ಟಿ ಎನಿಸಿದರೆ ಎಕ್ಸ್‌ರೇ ತೆಗೆಸಿ, ಆಮೇಲೆ ಬಿಡಿ. ನನ್ನ ಹೆಸರು ಹಾಕುತ್ತೇನೆಂದರು. ಬೇಡವೆಂದೆ. ಹಾಗಾದರೆ ಮುಖ ನೋಡುವುದನ್ನು ನಿನಗೆ ಕಲಿಸಿದವರು ಯಾರು ಎಂದು ಕೇಳಿದರು. ಕೊನೆಯ ಪುಟದಲ್ಲಿ, ಸಮುದ್ರವನ್ನೇ ಕಾಣದ ಒಬ್ಬ ಕುರಿಗಾರನಿಗೆ ಕೃತಜ್ಞತೆ ಎಂದಿದೆ. ಅಪ್ಪ ಇದ್ದಿದ್ದರೆ ನನಗೆ ಯಾಕಮ್ಮ ಎಂದು ನಾಚಿಕೊಳ್ಳುತ್ತಿದ್ದ.

ಪತ್ರಿಕೆಯವರು ಎರಡು ಸಲ ತಿದ್ದಿಸಿದರು. ಅಚ್ಚಾದ ಪ್ರತಿ ಟಪಾಲಿನಲ್ಲಿ ಬರುವ ಹೊತ್ತಿಗೆ ಅವರಿಗೆ ಅಂಚೂ ಕಾಣುತ್ತಿರಲಿಲ್ಲ, ಎದ್ದು ಓಡಾಡುವ ಶಕ್ತಿಯೂ ಇರಲಿಲ್ಲ. ಹಾಳೆಯನ್ನು ಕೈಗೆ ಕೊಟ್ಟೆ. ಮೋಟು ಬೆರಳಿನಿಂದ ಸವರಿದರು.

“ಮುಖ ಸರಿಯಾಗಿ ಬಂದೈತಾ?”

“ಬಂದೈತೆ ಡಾಕ್ಟ್ರಮ್ಮ.”

“ಸೀಳಿದ ಚಕ್ಕೆ?”

“ಅದೂ ಕಾಣ್ತೈತೆ. ಕೆಳಗಿನ ಭತ್ತದ ಕಾಳೂ ಕಾಣ್ತೈತೆ.”

“ಹಂಗಾದ್ರೆ ಸರಿ” ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟರು.

ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದೆ. ಕಿಟಕಿಯ ಕಡೆ ತಿರುಗಿ ಮಲಗಿದ್ದರು. ನರಳಲಿಲ್ಲ, ಯಾರಿಗೂ ಕಾಯಲಿಲ್ಲ. ಅದೂ ಒಂದು ಉಪಕಾರವೇ ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೇಳಿದರು.

ಹೋದ ವಾರ ಕರಾವಳಿಯಿಂದ ಆ ಡಾಕ್ಟರ್ ಹುಡುಗಿ ಫೋನು ಮಾಡಿದಳು. ಬಲೆಗೆ ಸಿಕ್ಕ ಒಂದು ಆಮೆ ಬಂದಿತ್ತಂತೆ. ಗಾಯ ಮುಚ್ಚಿ, ಮೀನು ತಿನ್ನುತ್ತಿತ್ತಂತೆ. ಹೊಸದಾಗಿ ಸೇರಿದವಳೊಬ್ಬಳು ಬಿಡುವುದಕ್ಕೆ ದಡದವರೆಗೂ ಒಯ್ದವಳು, ಆ ಪ್ರಬಂಧ ನೆನಪಾಗಿ ಕೀಲು ಒತ್ತಿ ನೋಡಿದಳಂತೆ. ಗಟ್ಟಿ ಇತ್ತು. ವಾಪಸ್ ತಂದು ಕೀವು ತೆಗೆದು, ತಿಂಗಳುಗಟ್ಟಲೆ ನೋಡಿಕೊಂಡು, ಹಿಂದಿನ ದಿನವಷ್ಟೇ ಬಿಟ್ಟರಂತೆ.

ಆ ಸಂಜೆ ದೀಪ ಹಚ್ಚಿ ನನ್ನ ಪುಸ್ತಕ ತೆಗೆದೆ. ‘ಒಂದು ಆಮೆ ಸಮುದ್ರ ಸೇರಿತು’ ಎಂದು ಬರೆದೆ. ಮುಚ್ಚುವುದಕ್ಕೆ ಹೋದವಳು, ‘ಕೆಟ್ಟಿದ್ದು ಎಲ್ಲಿ?’ ಎಂದು ಡಾಕ್ಟ್ರಮ್ಮ ಕೇಳಿದ್ದು ನೆನಪಾಗಿ ಮತ್ತೆ ತೆರೆದೆ. ಕೆಳಗೆ ಇನ್ನೊಂದು ಸಾಲು ಬರೆದೆ: ‘ಬೆಳಿಗ್ಗೆ ಅತ್ತೆ ಕಾಲು ಒತ್ತು ಎಂದು ಕರೆದರು. ಕೇಳಿಸಿದರೂ ಕೇಳಿಸದವಳಂತೆ ಇದ್ದೆ.’