ತಪ್ಪು ಹುಡುಕುವ ಲ್ಯಾಬು

ವರ್ಷಕ್ಕೊಮ್ಮೆ ಕಂಪನಿಯವರು ನಮ್ಮ ಕಾಲೇಜಿಗೆ ಬಂದು, ನಿಮ್ಮ ಮಕ್ಕಳಿಗೆ ಏನೂ ಬರುವುದಿಲ್ಲ ಎಂದು ಹೇಳಿ, ಊಟ ಮಾಡಿಕೊಂಡು ಹೋಗುತ್ತಾರೆ. ಅದಕ್ಕೆ ಉದ್ಯಮದ ಸಲಹೆ ಎಂದು ಹೆಸರು. ಕಂಪ್ಯೂಟರ್ ಸೈನ್ಸ್ ಪಾಠ ಹೇಳುವ ನಾವು ಅದನ್ನು ಬರೆದುಕೊಂಡು ಸಿಲಬಸ್ ತಿದ್ದಬೇಕು. ಒಂದು ವರ್ಷ ಬಂದವರು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಸಿ ಎನ್ನುತ್ತಾರೆ. ನಾವು ಕಲಿತು, ಕಲಿಸಿ, ಉಸ್ಸಪ್ಪಾ ಎನ್ನುವಷ್ಟರಲ್ಲಿ ಇನ್ನೊಬ್ಬರು ಬಂದು, ಅದನ್ನು ಈಗ ಯಾರು ಬಳಸುತ್ತಾರೆ ಮೇಡಂ ಎಂದು ನಗುತ್ತಾರೆ. ನನಗೆ ಸಾಕಾಗಿ ಹೋಗಿತ್ತು. ಸಭೆಯಲ್ಲಿ ನನ್ನ ಗಮನವೆಲ್ಲ ಗೋಡಂಬಿ ತಟ್ಟೆಯ ಮೇಲೇ ಇರುತ್ತಿತ್ತು.

ಆದರೆ ಕೆಲವು ವರ್ಷಗಳ ಹಿಂದೆ ಮೇಟಗಳ್ಳಿಯ ಒಂದು ಸಣ್ಣ ಕಂಪನಿಯಿಂದ ಬಂದ ಎಂಜಿನಿಯರ್ ಹೊಸ ಭಾಷೆಯ ಸುದ್ದಿಯನ್ನೇ ಎತ್ತಲಿಲ್ಲ.

"ನಿಮ್ಮ ಹುಡುಗ್ರು ಪ್ರೋಗ್ರಾಮ್ ಚೆನ್ನಾಗೇ ಬರೀತಾರೆ ಮೇಡಂ," ಎಂದರು. "ಬೇರೆಯವ್ರು ಬರ್ದಿದ್ದು ಕೆಟ್ಟಿದೆ, ಸರಿ ಮಾಡಿ ಅಂತ ಕೊಟ್ರೆ ಮಾತ್ರ ಅಷ್ಟನ್ನೂ ಅಳಿಸ್ಬುಟ್ಟು ಮೊದಲಿಂದ ಬರೆಯೋಕೆ ಕೂತ್ಕೋತಾರೆ. ನಮ್ಮಲ್ಲಿರೋದು ಹತ್ತಾರು ಜನ ವರ್ಷಗಟ್ಲೆ ಬರ್ದಿರೋದು. ಅಳಿಸೋಕಾಗುತ್ತಾ?"

ಗೋಡಂಬಿ ನನ್ನ ಕೈಯಲ್ಲೇ ಉಳಿಯಿತು. ಅವರು ಹೇಳಿದ್ದು ನಿಜ. ನಮ್ಮ ಮಕ್ಕಳು ಲ್ಯಾಬಿನ ಪ್ರೋಗ್ರಾಮುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದದ್ದನ್ನು ನೆನಪಿನಿಂದ ಒಪ್ಪಿಸುತ್ತಾರೆ. ತಪ್ಪು ಹುಡುಕುವುದನ್ನು ನಾವು ಯಾರಿಗೂ ಕಲಿಸಿಯೇ ಇರಲಿಲ್ಲ.

ಆ ವರ್ಷ ನನಗೆ ಎಲ್ಲಿಂದಲೋ ಹುರುಪು ಬಂತು. ಹೊಸ ಲ್ಯಾಬು ಬೇಕು, ಮಕ್ಕಳಿಗೆ ಕೆಟ್ಟ ಪ್ರೋಗ್ರಾಮನ್ನೇ ಕೊಟ್ಟು ರಿಪೇರಿ ಮಾಡಿಸಬೇಕು ಎಂದು ಹಟ ಹಿಡಿದೆ. ವಿಭಾಗದ ಮುಖ್ಯಸ್ಥರು ಎಂದಿನಂತೆ ಅಡ್ಡಗೋಡೆ ಮೇಲೆ ದೀಪ ಇಟ್ಟರು. ಆದರೂ ಕಂಪನಿಯವರು ಹೇಳಿದ್ದಾರೆ ಎಂಬ ಕಾರಣಕ್ಕೆ ಲ್ಯಾಬು ಪಾಸಾಯಿತು. ಬೇಸಿಗೆ ರಜೆಯೆಲ್ಲ ಕೃಷ್ಣಮೂರ್ತಿಪುರಂನ ಮನೆಯಲ್ಲಿ ಕೂತು ಒಳ್ಳೆಯ ಪ್ರೋಗ್ರಾಮುಗಳನ್ನು ಜಾಣತನದಿಂದ ಕೆಡಿಸಿದೆ. "ಕೆಡಿಸೋದಕ್ಕೂ ಸಂಬಳ ಕೊಡ್ತಾರೇನೇ?" ಎಂದು ಯಜಮಾನರು ರೇಗಿಸಿದರು. ಅಷ್ಟು ಖುಷಿಯಾಗಿ ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು.

ಸಿಲಬಸ್ ಬದಲಾಯಿತು. ಅಂಕ ಕೊಡುವ ಪದ್ಧತಿ ಬದಲಾಗಲಿಲ್ಲ. ಅದು ಪರೀಕ್ಷಾ ವಿಭಾಗದ್ದು, ಎಲ್ಲ ಲ್ಯಾಬಿಗೂ ಒಂದೇ: ಔಟ್‌ಪುಟ್ ಬಂದರೆ ಅಂಕ, ಬಾರದಿದ್ದರೆ ಫೇಲು. ಬದಲಾಯಿಸಿ ಎಂದು ನಾನು ಆ ಆಫೀಸಿಗೆ ಅಲೆದದ್ದೇ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಪರೀಕ್ಷೆಗೆ ನಂಜನಗೂಡು ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಕೂತಿದ್ದಳು. ಅಶೋಕಪುರಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅವಳ ಪಕ್ಕದ ಹುಡುಗ, ರಿಪೇರಿಗೆಂದು ನಾವು ಕೊಟ್ಟಿದ್ದ ಪ್ರೋಗ್ರಾಮನ್ನು ಒಂದೇ ಏಟಿಗೆ ಅಳಿಸಿ, ಬಾಯಿಪಾಠದ್ದನ್ನು ಬರೆದು, "ಔಟ್‌ಪುಟ್ ಬಂತು ಮೇಡಂ!" ಎಂದು ಕೂಗಿ ಎದ್ದ. ಅವಳು ಮಾತ್ರ ಕೊನೆಯವರೆಗೂ ಹುಡುಕಿದಳು. ಯಾವ ಭಾಗ ಸರಿಯಿದೆ, ಅದು ಹೇಗೆ ಗೊತ್ತಾಯಿತು, ಅನುಮಾನ ಎಲ್ಲಿದೆ ಎಂದು ಉತ್ತರ ಪತ್ರಿಕೆಯಲ್ಲಿ ಒಂದೊಂದಾಗಿ ಬರೆದಿದ್ದಳು. ಅವಳ ಅನುಮಾನ ಸರಿಯಾದ ಜಾಗದಲ್ಲೇ ಇತ್ತು. ಇನ್ನೊಂದು ಸ್ವಲ್ಪ ಹೊತ್ತು ಸಿಕ್ಕಿದ್ದರೆ ಹಿಡಿದುಬಿಡುತ್ತಿದ್ದಳು.

"ಔಟ್‌ಪುಟ್ ಬರ್ನಿಲ್ಲ ಮೇಡಂ," ಎಂದಳು. "ಎಲ್ಲೀಗಂಟ ಬಂದೆ ಅಂತ ಬರ್ದಿವ್ನಿ."

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕೆಟ್ಟವರೇನಲ್ಲ. ಎಲ್ಲವನ್ನೂ ಓದಿದರು. "ಚೆನ್ನಾಗಿದೆ ಮೇಡಂ, ಆದ್ರೆ ಇದಕ್ಕೆ ಯಾವ ಕಾಲಮ್ಮಲ್ಲಿ ಅಂಕ ಹಾಕಲಿ?" ಎಂದರು. ನಾನು ವಾದಿಸಿದೆ, ದನಿ ಏರಿಸಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಹುಡುಗನಿಗೆ ಪೂರ್ತಿ ಅಂಕ ಬಂತು, ಹುಡುಗಿ ಫೇಲಾದಳು. ಕಾಲೇಜಿನ ಕಡೆಯ ಪರೀಕ್ಷಕಿಯಾಗಿ ನಾನೂ ರುಜು ಹಾಕಿದೆ.

ಆ ಸಲ ಕೆಲಸಕ್ಕೆ ಮಕ್ಕಳನ್ನು ಆರಿಸಿಕೊಳ್ಳಲು ಮೇಟಗಳ್ಳಿಯ ಅದೇ ಕಂಪನಿ ಬರುವುದಿತ್ತು. ಎಂಜಿನಿಯರಿಗೆ ಫೋನು ಮಾಡಿ ಹುಡುಗಿಯ ವಿಷಯ ಹೇಳಿದೆ. "ಅಯ್ಯೋ, ನಮಗೆ ಬೇಕಾಗಿರೋದೇ ಅಂಥವ್ರು ಮೇಡಂ," ಎಂದರು. ನನ್ನ ಜೀವ ಹಗುರಾಯಿತು. ಆಮೇಲೆ, "ಆದ್ರೆ ಒಂದು ಸಬ್ಜೆಕ್ಟ್ ಬಾಕಿ ಇದ್ರೂ ನಮ್ಮ ಎಚ್‌ಆರ್‌ನೋರು ಇಂಟರ್‌ವ್ಯೂಗೇ ಕೂರಿಸಲ್ಲ. ನನ್ನ ಕೈಲಿ ಏನೂ ಇಲ್ಲ," ಎಂದರು. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅಷ್ಟು ಸುಸ್ತಾಗಿತ್ತು.

ಕಂಪನಿಯವರು ಬಂದು ಹೋದ ಮಾರನೆಯ ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ಅಳಲಿಲ್ಲ, ನನ್ನನ್ನು ದೂರಲೂ ಇಲ್ಲ. ಕೇಳಿದ್ದು ಒಂದೇ ಮಾತು.

"ಮುಂದಿನ್ ಸಲ ನಾನೂವೆ ಅಳಿಸ್ಬುಟ್ಟು ಬರ್ದ್ಬುಡ್ಲಾ ಮೇಡಂ?"

ಬೇಡ ಎನ್ನಬೇಕಾಗಿತ್ತು. ಆದರೆ ಇನ್ನೊಂದು ವರ್ಷ ಅವಳನ್ನು ಫೇಲಾಗಿ ಕೂರಿಸುವ ಧೈರ್ಯ ನನಗಿರಲಿಲ್ಲ.

"ಹೂಂ ಕಣಮ್ಮ," ಎಂದೆ. "ಅಳಿಸ್ಬುಟ್ಟು ಬರಿ."

ಮುಂದಿನ ಪರೀಕ್ಷೆಯಲ್ಲಿ ಅವಳು ಹಾಗೇ ಮಾಡಿದಳು. ಎಲ್ಲರಿಗಿಂತ ಮೊದಲು ಎದ್ದಳು. ಪೂರ್ತಿ ಅಂಕ ಹಾಕಿದವಳು ನಾನೇ. ಅವಳು ಥ್ಯಾಂಕ್ಸ್ ಮೇಡಂ ಎಂದು ಹೇಳಿ ಹೋದಳು.